ಹಳೆಯ ಮನೆಯ ಏರುತಗ್ಗಿನ ಗೋಡೆಗೆ ಕೇಸಿಂಗ್ ಪಟ್ಟಿ ಕೂರಿಸುವ ಕ್ರಮ

ಕರಾವಳಿಯ ಮುರಕಲ್ಲಿನ ಮನೆಯಾಗಲಿ, ಮಲೆನಾಡಿನ ಮಣ್ಣುಗೋಡೆಯ ಮನೆಯಾಗಲಿ, ಬಯಲುಸೀಮೆಯ ಸೈಜುಗಲ್ಲಿನ ಮನೆಯಾಗಲಿ, ಹಳೆಯ ಗೋಡೆಯನ್ನು ಸೀಳಿ ಅದರೊಳಗೆ ವೈರಿನ ಪೈಪು ಹೂಳುವುದು ಸಾಮಾನ್ಯವಾಗಿ ಒಳ್ಳೆಯ ಯೋಚನೆಯಲ್ಲ. ಎರಡು ಬೆರಳಗಲದ ಕಾಲುವೆ ತೋಡಲು ಹೋದರೆ ಗೇಣಗಲದ ಗಾರೆ ಕಳಚಿ ಬೀಳುತ್ತದೆ. ಮಣ್ಣಿನ ಗೋಡೆಯಲ್ಲಾದರೆ ಉದ್ದಕ್ಕೆ ಸೀಳಿದ ಜಾಗವೇ ಮುಂದೆ ಬಿರುಕಿಗೆ ದಾರಿಯಾಗುತ್ತದೆ. ಆದ್ದರಿಂದ ಇಂಥ ಮನೆಗಳಲ್ಲಿ ಹೊಸದಾಗಿ ಒಂದು ಪ್ಲಗ್ ಪಾಯಿಂಟೋ, ಫ್ಯಾನೋ, ಇಂಟರ್ನೆಟ್ ಕೇಬಲ್ಲೋ ಬೇಕಾದಾಗ ಗೋಡೆಯ ಮೇಲೆಯೇ ಪಿವಿಸಿ ಕೇಸಿಂಗ್ (ಒಂದು ಬದಿ ತೆರೆದ ಪ್ಲಾಸ್ಟಿಕ್ ಪಟ್ಟಿ) ಕೂರಿಸಿ, ಅದರೊಳಗೆ ವೈರು ಹಾಯಿಸಿ, ಮೇಲಿಂದ ಕ್ಯಾಪಿಂಗ್ (ಅದರ ಮುಚ್ಚಳ) ಮುಚ್ಚುವುದೇ ಸುಲಭದ ದಾರಿ.

ತೊಡಕು ಇರುವುದು ಪಟ್ಟಿಯಲ್ಲಲ್ಲ, ಗೋಡೆಯಲ್ಲಿ. ಕೈಗಾರೆಯ ಗೋಡೆ ಒಂದೆಡೆ ಉಬ್ಬಿರುತ್ತದೆ, ಇನ್ನೊಂದೆಡೆ ತಗ್ಗಿರುತ್ತದೆ, ಮೂಲೆಗಳು ಉರುಟಾಗಿರುತ್ತವೆ. ಅಂಗಡಿಯಿಂದ ತಂದ ನೇರವಾದ ಪಟ್ಟಿಯನ್ನು ಇಂಥ ಗೋಡೆಗೆ ಸ್ಕ್ರೂ ಹಾಕಿ ಬಿಗಿದರೆ, ತಗ್ಗು ಇರುವಲ್ಲಿ ಸ್ಕ್ರೂ ಪಟ್ಟಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಗ ಕೇಸಿಂಗ್‌ನ ತಳ ಬಾಗಿ, ಅದರ ಎರಡು ಅಂಚುಗಳು ಒಂದೋ ಅಗಲವಾಗುತ್ತವೆ, ಇಲ್ಲವೇ ಒಳಮುಖವಾಗಿ ವಾಲುತ್ತವೆ, ಮೇಲೆ ಒತ್ತಿದ ಕ್ಯಾಪಿಂಗ್ ಆ ಜಾಗದಲ್ಲಿ ಹಿಡಿಯುವುದೇ ಇಲ್ಲ. ಕ್ಯಾಪಿಂಗ್ ಪದೇಪದೇ ಬಾಯಿ ಬಿಡುತ್ತಿದೆ ಎಂದು ದೂರುವ ಮನೆಗಳಲ್ಲಿ ಬಹುಪಾಲು ದೋಷ ಇಲ್ಲಿಯೇ ಇರುತ್ತದೆ, ಪಟ್ಟಿಯ ಕಂಪನಿಯದ್ದಲ್ಲ. ಹಾಗಾಗಿ ಈ ಕೆಲಸದ ಎಲ್ಲ ಹಂತಗಳೂ ಒಂದೇ ಸೂತ್ರಕ್ಕೆ ಬದ್ಧವಾಗಿವೆ: ಪಟ್ಟಿ ತನ್ನಷ್ಟಕ್ಕೆ ತಾನು ನೇರವಾಗಿ ನಿಲ್ಲಬೇಕು, ಗೋಡೆಯ ವಕ್ರವನ್ನು ಪಟ್ಟಿಯ ಹಿಂದೆ ಇಡುವ ಪ್ಯಾಕಿಂಗ್ ನುಂಗಿಕೊಳ್ಳಬೇಕು, ಸ್ಕ್ರೂವಿನ ಕೆಲಸ ಹಿಡಿದಿಡುವುದೇ ಹೊರತು ಎಳೆಯುವುದಲ್ಲ.

ಕೆಲಸಕ್ಕೆ ಮೊದಲು

ಆ ಕೋಣೆಯ ಎಂಸಿಬಿಯನ್ನಷ್ಟೇ ಅಲ್ಲ, ಮೇನ್ ಸ್ವಿಚ್ಚನ್ನೇ ಆರಿಸಿ, ಟೆಸ್ಟರ್ ಹಿಡಿದು ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಹಳೆಯ ಬೋರ್ಡುಗಳಿಗೆ ಕೈ ಹಚ್ಚಬೇಕು. ಅನೇಕ ಹಳೆಯ ಮನೆಗಳಲ್ಲಿ ಒಂದು ಕೋಣೆಯ ದೀಪಕ್ಕೆ ಇನ್ನೊಂದು ಕೋಣೆಯ ಲೈನಿನಿಂದ ವೈರು ಬಂದಿರುವುದುಂಟು. ಡ್ರಿಲ್ಲಿಗೆ ಕರೆಂಟು ಬೇಕಾದರೆ ಬೇರೆ ಕಡೆಯಿಂದ ಎಕ್ಸ್‌ಟೆನ್ಷನ್ ಎಳೆದುಕೊಳ್ಳಬಹುದು, ಅಥವಾ ಬ್ಯಾಟರಿ ಡ್ರಿಲ್ ಬಳಸಬಹುದು. ಕೇಸಿಂಗ್ ಕೂರಿಸುವುದು ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸ. ಆದರೆ ಹೊಸ ಲೈನನ್ನು ಬೋರ್ಡಿಗೆ ಜೋಡಿಸುವುದು, ಅರ್ಥಿಂಗ್ ಪರೀಕ್ಷಿಸುವುದು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಗೆ ಸೇರಿದ್ದು. ಮನೆಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದಾಗ ತಾನೇ ಲೈನು ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ, ಈ ನೆಪದಲ್ಲಾದರೂ ಒಂದನ್ನು ಹಾಕಿಸಿಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ತೇವ ಹೀರುವ ಗೋಡೆಯ ಮನೆಗೆ ಅದರ ಅಗತ್ಯ ಇನ್ನೂ ಹೆಚ್ಚು.

ಕಾಲವನ್ನೂ ನೋಡಿಕೊಳ್ಳಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ತಂಪು ಹಿಡಿದಿರುತ್ತದೆ, ಅಂಟು ಕಚ್ಚುವುದಿಲ್ಲ, ಗಾರೆ ಒಣಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಗೋಡೆ ಚೆನ್ನಾಗಿ ಆರಿದಾಗ ಈ ಕೆಲಸಕ್ಕೆ ಕೈಹಾಕುವುದು ಕ್ಷೇಮ.

ಕೇಸಿಂಗ್ ಕೊಳ್ಳುವಾಗ ಐಎಸ್ 14927 ಎಂದು ಮುದ್ರೆಯಿರುವ ಪಟ್ಟಿಯನ್ನೇ ಕೇಳಬೇಕು. ಅಂಗಡಿಗಳಲ್ಲಿ ಮುಕ್ಕಾಲು ಇಂಚು, ಒಂದು ಇಂಚು, ಒಂದೂಕಾಲು ಇಂಚು ಎಂದು ಅಗಲದ ಲೆಕ್ಕದಲ್ಲಿ ಸಿಗುತ್ತದೆ, ಉದ್ದ ಸಾಮಾನ್ಯವಾಗಿ 2 ಮೀಟರಿನ ಆಸುಪಾಸು. ಏರುತಗ್ಗಿನ ಗೋಡೆಗೆ ವೈರಿನ ಲೆಕ್ಕ ಕೇಳುವುದಕ್ಕಿಂತ ಒಂದು ಅಳತೆ ದೊಡ್ಡದನ್ನೇ ಆರಿಸುವುದು ಮೇಲು, ಏಕೆಂದರೆ ಆಳವಾದ ಪಟ್ಟಿ ಸುಲಭಕ್ಕೆ ಬಾಗದು. ಪಟ್ಟಿಯನ್ನು ಎರಡು ಬೆರಳಿನಲ್ಲಿ ಹಿಸುಕಿದಾಗ ಅದರ ಎರಡು ಅಂಚುಗಳು ಒಂದಕ್ಕೊಂದು ಮುಟ್ಟುವಷ್ಟು ತೆಳುವಾಗಿದ್ದರೆ ಅದನ್ನು ಅಂಗಡಿಯಲ್ಲಿಯೇ ಬಿಟ್ಟುಬರುವುದು ಒಳಿತು. ಕೊಳ್ಳುವ ಮುನ್ನ ಒಂದು ಉದ್ದಕ್ಕೆ ಕಣ್ಣು ಹಾಯಿಸಿ ನೋಡಬೇಕು. ಅಂಗಡಿಯಲ್ಲಿ ವಾರಗಟ್ಟಲೆ ಓರೆಯಾಗಿ ಒರಗಿಸಿಟ್ಟ ಪಟ್ಟಿ ಬಿಲ್ಲಿನಂತೆ ಬಾಗಿರುವುದುಂಟು.

ಉಳಿದಂತೆ ಬೇಕಾದವು ಇಷ್ಟು: ರಸಮಟ್ಟ, ತೂಕದ ಗುಂಡು, ನೈಲಾನ್ ದಾರ, ಅಳತೆ ಟೇಪು, ಪೆನ್ಸಿಲು, ಕಾಂಕ್ರೀಟು ಕೊರೆಯುವ ಡ್ರಿಲ್ ಬಿಟ್‌ಗಳು, ಸಣ್ಣ ಹಲ್ಲಿನ ಹ್ಯಾಕ್ಸಾ, ಉಪ್ಪುಕಾಗದ, ಉಳಿ ಮತ್ತು ಸುತ್ತಿಗೆ, ವಾಷರುಗಳು, ಬೇರೆ ಬೇರೆ ಉದ್ದದ ಸ್ಕ್ರೂ, ಅದಕ್ಕೆ ತಕ್ಕ ರಾಲ್‌ಪ್ಲಗ್ (ಸ್ಕ್ರೂ ಹಿಡಿಯಲೆಂದು ಗೋಡೆಯ ತೂತಿಗೆ ಹಾಕುವ ಪ್ಲಾಸ್ಟಿಕ್ ಗುಟ್ಟಿ).

ಗೋಡೆಯನ್ನು ತಟ್ಟಿ ಓದುವುದು

ಪಟ್ಟಿ ಹಾಯಬೇಕಾದ ದಾರಿಯುದ್ದಕ್ಕೂ ಬೆರಳಗೆಣ್ಣಿನಿಂದ ಅಥವಾ ಸ್ಕ್ರೂಡ್ರೈವರ್‌ನ ಹಿಡಿಯಿಂದ ತಟ್ಟುತ್ತ ಹೋಗಬೇಕು. ಗಟ್ಟಿ ಸದ್ದು ಬಂದಲ್ಲಿ ಗಾರೆ ಗೋಡೆಗೆ ಹಿಡಿದುಕೊಂಡಿದೆ. ಪೊಳ್ಳು ಸದ್ದು ಬಂದಲ್ಲಿ ಗಾರೆ ಗೋಡೆಯನ್ನು ಬಿಟ್ಟಿದೆ. ಪೊಳ್ಳಿರುವ ಜಾಗಗಳನ್ನು ಪೆನ್ಸಿಲಿನಿಂದ ಸುತ್ತು ಹಾಕಿ ಗುರುತಿಸಿ, ಅಲ್ಲಿ ಸ್ಕ್ರೂ ಬಾರದಂತೆ ನೋಡಿಕೊಳ್ಳಬೇಕು. ಪೊಳ್ಳು ಅಂಗೈಗಿಂತ ದೊಡ್ಡದಿದ್ದರೆ ಆ ಗಾರೆಯನ್ನು ಕೆತ್ತಿ ತೆಗೆದು ಹೊಸದಾಗಿ ಬಳಿಯುವುದೇ ಸರಿ.

ಹಾಗೆಯೇ ಅಂಗೈಯಿಂದ ಒಮ್ಮೆ ಗೋಡೆಯನ್ನು ಉಜ್ಜಿ ನೋಡಬೇಕು. ಕೈಗೆ ಬಿಳಿ ಪುಡಿ ಹತ್ತಿದರೆ ಅದು ಸುಣ್ಣ ಅಥವಾ ಅಗ್ಗದ ಡಿಸ್ಟೆಂಪರ್. ಇಂಥ ಗೋಡೆಗೆ ಹಿಂಬದಿಯಲ್ಲಿ ಅಂಟುಟೇಪು ಹಚ್ಚಿ ಮಾರುವ ಪಟ್ಟಿಗಳು ಕೆಲಸಕ್ಕೆ ಬಾರವು: ಟೇಪು ಸುಣ್ಣಕ್ಕೆ ಅಂಟುತ್ತದೆ, ಸುಣ್ಣ ಗೋಡೆಯನ್ನು ಬಿಡುತ್ತದೆ, ಪಟ್ಟಿ ಸುಣ್ಣದ ಪದರ ಸಮೇತ ಕೆಳಗೆ ಬರುತ್ತದೆ. ಅಲ್ಲದೆ ಏರುತಗ್ಗಿನ ಗೋಡೆಯಲ್ಲಿ ಟೇಪು ಮುಟ್ಟುವುದು ಉಬ್ಬುಗಳನ್ನು ಮಾತ್ರ. ನುಣುಪಾದ ಪುಟ್ಟಿ ಗೋಡೆಯ ಮೇಲೆ ಒಂದೇ ಒಂದು ಇಂಟರ್ನೆಟ್ ಕೇಬಲ್ಲಿಗೆ ಟೇಪು ಸಾಕು; ಈ ಲೇಖನದ ಗೋಡೆಗಳಿಗೆ ಸಾಲದು.

ಗೋಡೆ ಯಾವುದರಿಂದ ಕಟ್ಟಿದ್ದು ಎಂಬುದು ಮುಂದಿನ ಹಂತವನ್ನು ನಿರ್ಧರಿಸುತ್ತದೆ. ಸಂದೇಹವಿದ್ದರೆ ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ತೂತು ಕೊರೆದು ಉದುರುವ ಪುಡಿಯನ್ನು ನೋಡಬೇಕು. ಮೊದಲು ಬಿಳಿ ಅಥವಾ ಬೂದು ಪುಡಿ ಬಂದು ಆಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆಯೋ ಮುರಕಲ್ಲೋ. ಬಿಟ್ ಒಳಗೆ ಸಲೀಸಾಗಿ ಜಾರಿ ಮೆತ್ತನೆಯ ಮಣ್ಣು ಬಂದರೆ ಮಣ್ಣಿನ ಗೋಡೆ. ಬಿಟ್ ಮುಂದಕ್ಕೆ ಹೋಗದೆ ಕಿರುಚಿದರೆ ಕಲ್ಲು. ಬಣ್ಣ ಬದಲಾಗುವ ಹೊತ್ತಿಗೆ ಬಿಟ್ ಎಷ್ಟು ಒಳಗೆ ಹೋಗಿತ್ತು ಎಂಬುದನ್ನೂ ಗುರುತು ಹಾಕಿಕೊಳ್ಳಬೇಕು. ಗಾರೆಯ ದಪ್ಪ ಎಷ್ಟೆಂಬುದು ಅದರಿಂದಲೇ ತಿಳಿಯುತ್ತದೆ, ಮತ್ತು ಸ್ಕ್ರೂವಿನ ಉದ್ದ ತೀರ್ಮಾನಿಸಲು ಆ ಅಳತೆ ಬೇಕೇ ಬೇಕು.

ಯಾವ ಗೆರೆಯನ್ನು ಹಿಡಿಯಬೇಕು

ರಸಮಟ್ಟ ತೋರಿಸಿದ್ದೇ ನೇರ ಎಂದು ಹಳೆಯ ಮನೆಯಲ್ಲಿ ಹಠ ಹಿಡಿಯಬಾರದು. ತೊಲೆ ಒಂದು ಕಡೆಗೆ ಎರಡು ಬೆರಳು ಇಳಿದಿರುವಾಗ ಅದರ ಕೆಳಗೆ ಕಟ್ಟುನಿಟ್ಟಾಗಿ ಮಟ್ಟಕ್ಕೆ ಕೂರಿಸಿದ ಬಿಳಿ ಪಟ್ಟಿಯೇ ಸೊಟ್ಟಗೆ ಕಾಣುತ್ತದೆ. ಕಣ್ಣು ಯಾವಾಗಲೂ ಹತ್ತಿರದ ಗೆರೆಗೆ ಹೋಲಿಸುತ್ತದೆ. ಆದ್ದರಿಂದ ತೊಲೆ, ಅಟ್ಟದ ಹಲಗೆ, ಬಾಗಿಲ ದಾರಂದ ಇವುಗಳಿಂದ ಒಂದು ಗೇಣಿನೊಳಗೆ ಹಾಯುವ ಪಟ್ಟಿ ಅವುಗಳಿಗೆ ಸಮಾನಾಂತರವಾಗಿರಲಿ. ಯಾವುದೂ ಹತ್ತಿರವಿಲ್ಲದ ಬಯಲು ಗೋಡೆಯಲ್ಲಿ ಮಾತ್ರ ರಸಮಟ್ಟ ಮತ್ತು ತೂಕದ ಗುಂಡಿನ ಮಾತು ಕೇಳಲಿ.

ಸಾಧ್ಯವಿದ್ದಲ್ಲೆಲ್ಲ ಮರದ ಆಸರೆ ಪಡೆಯುವುದು ಇನ್ನೂ ಜಾಣತನ. ದಾರಂದದ ಪಕ್ಕಕ್ಕೆ, ತೊಲೆಯ ಬದಿಗೆ, ಅಟ್ಟದ ಅಂಚಿಗೆ ಪಟ್ಟಿಯನ್ನು ಹಾಯಿಸಿದರೆ ಮರದ ಸ್ಕ್ರೂಗಳು ನೇರವಾಗಿ ಕಚ್ಚುತ್ತವೆ, ಗೋಡೆಯ ಗೊಡವೆಯೇ ಇರುವುದಿಲ್ಲ. ತೇಗದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಹೊಡೆದು ಮಾಡಿದ ಹಳೆಯ ಬ್ಯಾಟನ್ ವೈರಿಂಗ್ ಇನ್ನೂ ಉಳಿದಿರುವ ಮನೆಗಳಲ್ಲಿ, ಆ ವೈರುಗಳನ್ನು ತೆಗೆದುಹಾಕಿದರೂ ಬ್ಯಾಟನ್ನನ್ನು ಕೀಳುವ ಅವಸರ ಬೇಡ. ಅಂದಿನ ಕೆಲಸದವರು ಗೋಡೆಯಲ್ಲಿ ಮರದ ಗುಟ್ಟಿ ಹೂತು, ದಾರ ಕಟ್ಟಿ, ನೇರವಾಗಿ ಕೂರಿಸಿದ ಬ್ಯಾಟನ್ ಅದು. ಗೆದ್ದಲು ತಿನ್ನದೆ ಗಟ್ಟಿಯಾಗಿದ್ದರೆ ಅದರ ಮೇಲೆಯೇ ಹೊಸ ಕೇಸಿಂಗ್ ಕೂರಿಸಬಹುದು, ಅದಕ್ಕಿಂತ ಒಳ್ಳೆಯ ತಳ ಸಿಗುವುದು ಕಷ್ಟ.

ಮೂಲೆಗೆ ಪಟ್ಟಿಯನ್ನು ಒತ್ತಿ ಕೂರಿಸುವ ಆಸೆ ಎಲ್ಲರಿಗೂ ಬರುತ್ತದೆ. ಹಳೆಯ ಗೋಡೆಯ ಮೂಲೆ ತೂಕಕ್ಕೆ ಇರುವುದಿಲ್ಲವಾದ್ದರಿಂದ, ಮೇಲೆ ಮುಟ್ಟಿದ ಪಟ್ಟಿ ಕೆಳಗೆ ಬರುವಷ್ಟರಲ್ಲಿ ಬೆರಳಗಲ ದೂರ ಸರಿದು, ಆ ಸಂದು ಎದ್ದು ಕಾಣುತ್ತದೆ. ಮೂಲೆಯಿಂದ 5 ಸೆಂ.ಮೀ. ಈಚೆಗೆ ಇಳಿಸಿದರೆ ಅದೇ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ನೆಲದ ಬಳಿ ಹಾಯುವ ಪಟ್ಟಿಯನ್ನು ನೆಲದಿಂದ ಒಂದು ಗೇಣಾದರೂ ಮೇಲೆ ಇಡಬೇಕು. ನೆಲ ತೊಳೆಯುವ ನೀರು ಮತ್ತು ಗೋಡೆಯ ಬುಡದಿಂದ ಏರುವ ತೇವ ಎರಡೂ ಅಲ್ಲಿಗೆ ತಲುಪಬಾರದು. ಒಲೆಯ ನೇರ ಮೇಲೆ ಪಟ್ಟಿ ಬೇಡವೇ ಬೇಡ, ಶಾಖಕ್ಕೆ ಪಿವಿಸಿ ಮೆತ್ತಗಾಗಿ ಜೋತುಬೀಳುತ್ತದೆ. ಈಗಾಗಲೇ ಗೋಡೆಯೊಳಗೆ ಪೈಪಿನ ವೈರಿಂಗ್ ಇರುವ ಭಾಗದಲ್ಲಿ, ಸ್ವಿಚ್ ಬೋರ್ಡಿನ ನೇರ ಮೇಲೆ ಮತ್ತು ನೇರ ಕೆಳಗೆ ತೂತು ಕೊರೆಯಬಾರದು. ಒಳಗಿನ ಪೈಪು ಸಾಮಾನ್ಯವಾಗಿ ಅದೇ ದಾರಿಯಲ್ಲಿ ಇಳಿದಿರುತ್ತದೆ.

ದಾರ ಕಟ್ಟಿ ಅಳೆಯುವುದು

ಇಡೀ ಕೆಲಸದ ಹಣೆಬರಹ ನಿರ್ಧಾರವಾಗುವುದು ಈ ಹಂತದಲ್ಲಿ, ಆದರೆ ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ. ಪಟ್ಟಿ ಹಾಯುವ ಗೆರೆಯ ಎರಡೂ ತುದಿಗಳಲ್ಲಿ ಮೊಳೆ ಹೊಡೆದು, ಮೊಳೆಯ ಬಳಿ ಗೋಡೆಗೆ 20 ಮಿ.ಮೀ. ದಪ್ಪದ ಮರದ ತುಂಡೊಂದನ್ನು ಆನಿಸಿ, ಅದರ ಮೇಲೆ ಹಾಯುವಂತೆ ದಾರವನ್ನು ಬಿಗಿಯಾಗಿ ಕಟ್ಟಬೇಕು. ಈಗ ದಾರ ಎರಡೂ ತುದಿಗಳಲ್ಲಿ ಗೋಡೆಯಿಂದ 20 ಮಿ.ಮೀ. ದೂರದಲ್ಲಿದೆ. ಒಂದು ತುದಿಯಿಂದ ಹೊರಟು ಪ್ರತಿ 30 ಸೆಂ.ಮೀ.ಗೆ ದಾರಕ್ಕೂ ಗೋಡೆಗೂ ನಡುವಿನ ಅಂತರವನ್ನು ಅಳೆದು, ಆ ಸಂಖ್ಯೆಯನ್ನು ಗೋಡೆಯ ಮೇಲೆಯೇ ಪೆನ್ಸಿಲಿನಿಂದ ಬರೆಯುತ್ತ ಹೋಗಬೇಕು.

ಅಳತೆಗಳು 20, 17, 12, 18, 24, 21 ಮಿ.ಮೀ. ಎಂದು ಬಂದವೆಂದು ಇಟ್ಟುಕೊಳ್ಳೋಣ. ಅತಿ ಚಿಕ್ಕ ಸಂಖ್ಯೆ 12, ಅಂದರೆ ಅಲ್ಲಿ ಗೋಡೆ ಹೆಚ್ಚು ಉಬ್ಬಿದೆ. ಪಟ್ಟಿ ಆ ಉಬ್ಬನ್ನು ಮುಟ್ಟಿಕೊಂಡು ನೇರವಾಗಿ ಹಾಯಬೇಕಾದರೆ ಉಳಿದೆಡೆ ಬೇಕಾಗುವ ಪ್ಯಾಕಿಂಗ್ ಕ್ರಮವಾಗಿ 8, 5, 0, 6, 12, 9 ಮಿ.ಮೀ. ಇದು ಜಾಸ್ತಿಯಾಯಿತು, ಇಷ್ಟು ಎತ್ತರಕ್ಕೆ ನಿಂತ ಪಟ್ಟಿಯ ಹಿಂದೆ ಹಲ್ಲಿ ಮನೆ ಮಾಡುತ್ತದೆ. ಆದರೆ ಆ ಉಬ್ಬು ಒಂಟಿಯಾಗಿದೆ ಎಂಬುದನ್ನು ಗಮನಿಸಬೇಕು. ಅಲ್ಲಿ ಉಳಿಯಿಂದ 5 ಮಿ.ಮೀ. ಗಾರೆಯನ್ನು ಕೆತ್ತಿ ತೆಗೆದರೆ ಅಂತರ 17 ಆಗುತ್ತದೆ, ಬೇಕಾಗುವ ಪ್ಯಾಕಿಂಗ್ 3, 0, 0, 1, 7, 4 ಮಿ.ಮೀ.ಗೆ ಇಳಿಯುತ್ತದೆ. ಅರ್ಧ ಗಂಟೆಯ ಕೆತ್ತನೆಯಿಂದ ಸಮಸ್ಯೆಯ ಅರ್ಧಕ್ಕಿಂತ ಹೆಚ್ಚು ಪಾಲು ಕರಗಿತು. ಆದ್ದರಿಂದ ತಗ್ಗನ್ನು ತುಂಬುವ ಯೋಚನೆಗಿಂತ ಮೊದಲು ಒಂಟಿ ಉಬ್ಬನ್ನು ಹುಡುಕಬೇಕು. ಕೆತ್ತುವಾಗ ಸುಣ್ಣದ ಗಾರೆಯನ್ನು ಮೊದಲು ನೀರು ಚಿಮುಕಿಸಿ ನೆನೆಸಿಕೊಂಡರೆ ಅಕ್ಕಪಕ್ಕದ ಹಕ್ಕಳೆ ಏಳುವುದು ಕಡಿಮೆ. ಹಾಗೆ ನೆನೆಸಿದ್ದು ಪೂರ್ತಿ ಆರಿದ ಮೇಲೆಯೇ ಮುಂದಿನ ಕೆಲಸ.

ಉಬ್ಬು ತಗ್ಗುಗಳು ಉದ್ದಕ್ಕೆ ನಿಧಾನವಾಗಿ ಬಂದಿದ್ದರೆ, ಅಂದರೆ 2 ಮೀಟರಿಗೆ ಐದಾರು ಮಿ.ಮೀ.ಯಷ್ಟು ಮಾತ್ರ ಗೋಡೆ ಬಾಗಿದ್ದರೆ, ಪ್ಯಾಕಿಂಗ್ ಇಲ್ಲದೆಯೂ ಪಟ್ಟಿ ಆ ಬಾಗನ್ನು ಹಿಡಿದುಕೊಳ್ಳಬಲ್ಲದು. ಇದನ್ನು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ: ಕ್ಯಾಪಿಂಗ್ ಮುಚ್ಚಿದ ಖಾಲಿ ಪಟ್ಟಿಯನ್ನು ಆ ಜಾಗಕ್ಕೆ ಕೈಯಿಂದ ಒತ್ತಿ ಹಿಡಿಯಬೇಕು. ಮುಚ್ಚಳ ಕದಲದಿದ್ದರೆ ಗೋಡೆಯ ಬಾಗು ಪಟ್ಟಿಗೆ ಒಗ್ಗುತ್ತದೆ. ಎಲ್ಲಾದರೂ ಬಾಯಿ ಬಿಟ್ಟರೆ ಅಲ್ಲಿ ಪ್ಯಾಕಿಂಗ್ ಬೇಕು.

ಅಳತೆಗಳ ನಡುವಿನ ವ್ಯತ್ಯಾಸ 12 ಮಿ.ಮೀ.ಗಿಂತ ಹೆಚ್ಚಾಗಿದ್ದು, ಕೆತ್ತಲು ಒಂಟಿ ಉಬ್ಬೂ ಸಿಗದಿದ್ದರೆ ಎರಡು ದಾರಿಗಳಿವೆ. ಮೊದಲನೆಯದು, ಹೆಂಚಿನ ಮಾಡಿಗೆ ಬಳಸುವಂಥ ಮರದ ರೀಪರನ್ನು ಕೇಸಿಂಗ್‌ನ ಅಗಲಕ್ಕೆ ಸೀಳಿಸಿ, ಗೆದ್ದಲು ಮದ್ದು ಹಚ್ಚಿ, ಬಣ್ಣ ಬಳಿದು, ಅದನ್ನು ದಪ್ಪ ಪ್ಯಾಕಿಂಗ್‌ಗಳೊಂದಿಗೆ ಗೋಡೆಗೆ ನೇರವಾಗಿ ಬಿಗಿದು, ಅದರ ಮೇಲೆ ಕೇಸಿಂಗ್ ಕೂರಿಸುವುದು. ರೀಪರು ಬಾಗುವುದಿಲ್ಲವಾದ್ದರಿಂದ ಗೋಡೆಯಲ್ಲಿ ಗಟ್ಟಿ ಜಾಗ ಸಿಕ್ಕಲ್ಲಿ ಮಾತ್ರ, ಮುಕ್ಕಾಲು ಮೀಟರಿಗೊಂದರಂತೆ ಹಿಡಿತ ಕೊಟ್ಟರೂ ನಡೆಯುತ್ತದೆ. ಎರಡನೆಯದು, ಪಟ್ಟಿಗಿಂತ ಎರಡು ಬೆರಳು ಅಗಲವಾಗಿ ಗಾರೆಯ ಹಾಸೊಂದನ್ನು ಎಳೆಸಿ, ಅಲ್ಯೂಮಿನಿಯಂ ಪಟ್ಟಿಯಿಂದ ಸಮ ಮಾಡಿಸಿ, ಒಣಗಿದ ಮೇಲೆ ಕೇಸಿಂಗ್ ಕೂರಿಸುವುದು. ಮಣ್ಣಿನ ಗೋಡೆಗೆ ಈ ಹಾಸನ್ನು ಸಿಮೆಂಟಿನಿಂದ ಮಾಡಿಸಬಾರದು. ಮಣ್ಣು ತೇವಕ್ಕೆ ಹಿಗ್ಗಿ ಕುಗ್ಗುವಾಗ ಸಿಮೆಂಟು ಅದರೊಂದಿಗೆ ಹೋಗದೆ ಹಲಗೆಯಂತೆ ಕಳಚಿಕೊಳ್ಳುತ್ತದೆ. ಅಲ್ಲಿ ಸುಣ್ಣ-ಮರಳಿನ ಗಾರೆಯೇ ಸೂಕ್ತ. ನನ್ನ ಮಟ್ಟಿಗೆ ರೀಪರಿನ ದಾರಿಯೇ ಹೆಚ್ಚು ನೆಚ್ಚಿಕೆಯದ್ದು, ಗಾರೆ ಒಣಗುವುದನ್ನು ಕಾಯುವ ಪ್ರಸಂಗವೂ ಇಲ್ಲ.

ತೂತು, ರಾಲ್‌ಪ್ಲಗ್, ಸ್ಕ್ರೂ

ಸಮತಟ್ಟಾದ ಗೋಡೆಯಲ್ಲಿ ಅರ್ಧ ಮೀಟರಿಗೊಂದು ಸ್ಕ್ರೂ ಸಾಕು. ಇಲ್ಲಿ 30 ಸೆಂ.ಮೀ.ಗೊಂದು ಬೇಕು. ಜೊತೆಗೆ ಪ್ರತಿ ಪಟ್ಟಿಯ ಎರಡೂ ತುದಿಗಳಿಂದ 5 ಸೆಂ.ಮೀ. ಒಳಗೆ ಒಂದೊಂದು ಇರಲೇಬೇಕು, ಏಕೆಂದರೆ ಜೋಡಣೆಯ ಬಳಿ ಒಂದು ತುದಿ ಎದ್ದರೂ ಮೇಲಿನ ಕ್ಯಾಪಿಂಗ್ ಕೂರುವುದಿಲ್ಲ. ಕೇಸಿಂಗ್‌ನಲ್ಲಿ ತೂತುಗಳನ್ನು ಮೊದಲೇ ಕೊರೆದುಕೊಂಡು, ಪಟ್ಟಿಯನ್ನು ಗೆರೆಗೆ ಹಿಡಿದು, ಅವುಗಳ ಮೂಲಕ ಗೋಡೆಗೆ ಗುರುತು ಹಾಕಬೇಕು. ಪಟ್ಟಿಯ ನಡುವಿನ ಒಂದು ತೂತು ಮಾತ್ರ ಉರುಟಾಗಿರಲಿ. ಉಳಿದವನ್ನು ಪಟ್ಟಿಯ ಉದ್ದಕ್ಕೆ ಸ್ವಲ್ಪ ಎಳೆದು ಮೊಟ್ಟೆಯಾಕಾರ ಮಾಡಿದರೆ ಹಿಗ್ಗುವುದಕ್ಕೆ ಎಡೆ ಸಿಗುತ್ತದೆ, ಗೋಡೆಯ ತೂತು ಎರಡು ಮಿ.ಮೀ. ಅತ್ತಿತ್ತ ಆದರೂ ಹೊಂದಿಕೊಳ್ಳುತ್ತದೆ.

ಸ್ಕ್ರೂವಿನ ಉದ್ದದ ಲೆಕ್ಕ ಹೀಗೆ. ಹಿಡಿತ ಇರಬೇಕಾದದ್ದು ಗಾರೆಯಲ್ಲಲ್ಲ, ಗಾರೆಯ ಹಿಂದಿನ ಕಲ್ಲು ಅಥವಾ ಇಟ್ಟಿಗೆಯಲ್ಲಿ. ಪ್ಯಾಕಿಂಗ್ 7 ಮಿ.ಮೀ., ಕೇಸಿಂಗ್‌ನ ತಳ ಒಂದೂವರೆ, ಗಾರೆ 15, ರಾಲ್‌ಪ್ಲಗ್ 30 ಎಂದಾದರೆ ಒಟ್ಟು 53 ಮಿ.ಮೀ. ದಾಟುತ್ತದೆ. ಅಂದರೆ ಎಲ್ಲರೂ ಕೈಗೆತ್ತಿಕೊಳ್ಳುವ 25 ಮಿ.ಮೀ. ಸ್ಕ್ರೂ ಇಲ್ಲಿ ಗಾರೆಯನ್ನು ದಾಟುವಷ್ಟರಲ್ಲೇ ಮುಗಿದುಹೋಗುತ್ತದೆ. 60 ಮಿ.ಮೀ.ಯದ್ದು ಬೇಕು. ರಾಲ್‌ಪ್ಲಗ್ಗನ್ನು ಗೋಡೆಯ ಮೇಲ್ಮೈಗೆ ಸಮವಾಗಿ ನಿಲ್ಲಿಸದೆ, ಮೊಳೆಯೊಂದರಿಂದ ಮೆಲ್ಲನೆ ತಟ್ಟಿ ಗಾರೆಯನ್ನು ದಾಟಿಸಿ ಒಳಕ್ಕೆ ಕಳುಹಿಸಬೇಕು. ಸ್ಕ್ರೂವಿನ ತಲೆ ಉರುಟಾಗಿರುವುದನ್ನು ಆರಿಸಿ, ಅದರಡಿ ವಾಷರು ಹಾಕಬೇಕು. ಚೂಪು ತಲೆಯ ಸ್ಕ್ರೂ ಪ್ಲಾಸ್ಟಿಕ್ಕನ್ನು ಸೀಳುತ್ತದೆ, ಅದರ ಅಂಚು ವೈರಿನ ಮೇಲ್ಪದರವನ್ನೂ ಗೀರಬಹುದು.

ಇಟ್ಟಿಗೆ ಮತ್ತು ಸಿಮೆಂಟ್ ಬ್ಲಾಕಿಗೆ 6 ಮಿ.ಮೀ. ಬಿಟ್ ಮತ್ತು ಅದೇ ಅಳತೆಯ ರಾಲ್‌ಪ್ಲಗ್ ಸಾಕು. ಸುಣ್ಣದ ಗಾರೆ ಇರುವಲ್ಲಿ ಗಾರೆ ಮುಗಿಯುವವರೆಗೆ ಡ್ರಿಲ್ಲಿನ ಹ್ಯಾಮರ್ (ಬಡಿತ) ಬಂದ್ ಮಾಡಿ, ನಿಧಾನವಾಗಿ ಕೊರೆಯಬೇಕು. ಮುರಕಲ್ಲಿಗಂತೂ ಹ್ಯಾಮರ್ ಬೇಡವೇ ಬೇಡ. ಅದು ಮೊದಲೇ ತೂತುತೂತಾದ ಕಲ್ಲು, ಪೆಟ್ಟಿಗೆ ತೂತು ಅಗಲವಾಗಿ ಪ್ಲಗ್ ಒಳಗೆ ಗಿರಗಿರ ತಿರುಗುತ್ತದೆ. ಅಲ್ಲಿ 8 ಮಿ.ಮೀ. ಅಗಲದ, 50 ಮಿ.ಮೀ.ಗಿಂತ ಉದ್ದನೆಯ ಪ್ಲಗ್ ಹಾಕಬೇಕು. ಬಿಟ್ ಕಲ್ಲಿನೊಳಗಿನ ಪೊಟರೆಗೆ ಬಿದ್ದರೆ ಆ ತೂತಿಗೆ ಗಟ್ಟಿಯಾಗಿ ಕಲಸಿದ ಸಿಮೆಂಟು ತುರುಕಿ, ಪ್ಲಗ್ಗನ್ನು ಅದರೊಳಗೆ ಒತ್ತಿ, ಮರುದಿನದವರೆಗೆ ಬಿಡಬೇಕು. ಗಟ್ಟಿ ಕಲ್ಲಿನ ಗೋಡೆಗೆ ಮಾತ್ರ ಹ್ಯಾಮರ್ ಡ್ರಿಲ್ ಅನಿವಾರ್ಯ.

ಮಣ್ಣಿನ ಗೋಡೆಗೆ ರಾಲ್‌ಪ್ಲಗ್ಗನ್ನು ನಂಬಲಾಗದು. ಅದು ಹಿಗ್ಗಿದಷ್ಟೂ ಮಣ್ಣು ಹಿಂದೆ ಸರಿಯುತ್ತದೆ. ಹಳೆಯ ಕ್ರಮವೇ ಇಲ್ಲಿ ಸರಿ: ಎರಡು ಇಂಚು ಆಳದ, ಒಳಗೆ ಅಗಲವಾಗಿ ಬಾಯಿಯಲ್ಲಿ ಕಿರಿದಾದ ಗುಳಿಯನ್ನು ಉಳಿಯಿಂದ ತೋಡಿ, ಅದೇ ರೀತಿ ಹಿಂಬದಿ ದಪ್ಪಗಿರುವ ಮರದ ಗುಟ್ಟಿಗೆ ಗೆದ್ದಲು ಮದ್ದು ಹಚ್ಚಿ, ಸುಣ್ಣದ ಗಾರೆಯಲ್ಲಿ ಹೂತು, ಒಂದು ವಾರ ಒಣಗಲು ಬಿಡುವುದು. ಪ್ರತಿ 30 ಸೆಂ.ಮೀ.ಗೆ ಇಷ್ಟು ಮಾಡುವುದು ಆಗದ ಮಾತಾದ್ದರಿಂದ, ಮಣ್ಣಿನ ಗೋಡೆಗೆ ಮೇಲೆ ಹೇಳಿದ ರೀಪರನ್ನು ಗುಟ್ಟಿಗಳಿಗೆ ಬಿಗಿದು ಅದರ ಮೇಲೆ ಕೇಸಿಂಗ್ ಕೂರಿಸುವುದೇ ಉಳಿದಿರುವ ದಾರಿ.

ಪ್ಯಾಕಿಂಗ್ ಇಟ್ಟು ಬಿಗಿಯುವುದು

ಪ್ಯಾಕಿಂಗ್‌ಗೆ ಬೇರೆ ಸಾಮಾನು ಹುಡುಕಬೇಕಾಗಿಲ್ಲ. ಕೇಸಿಂಗ್‌ನ ಉಳಿದ ತುಂಡುಗಳ ಅಂಚುಗಳನ್ನು ಕತ್ತರಿಸಿ ತೆಗೆದು, ತಳವನ್ನು ಬೆರಳಗಲದ ಚೌಕಗಳಾಗಿ ತುಂಡರಿಸಿ, ನಡುವೆ ತೂತು ಕೊರೆದಿಟ್ಟುಕೊಂಡರೆ ಒಂದೊಂದೂ ಒಂದು, ಒಂದೂವರೆ ಮಿ.ಮೀ. ದಪ್ಪದ ಪ್ಯಾಕಿಂಗ್ ಆಗುತ್ತದೆ. ದಪ್ಪ ಹೆಚ್ಚು ಬೇಕಾದಲ್ಲಿ 4 ಅಥವಾ 6 ಮಿ.ಮೀ. ಪ್ಲೈವುಡ್ಡಿನ ಚೂರು. ಮಡಚಿದ ರಟ್ಟು, ಬೆಂಕಿಕಡ್ಡಿ, ಪೇಪರು ಇವನ್ನು ತುರುಕುವುದು ಸಾಮಾನ್ಯ ಅಭ್ಯಾಸ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವು ಕುಗ್ಗಿ, ಸ್ಕ್ರೂ ಸಡಿಲಾಗಿ, ಪಟ್ಟಿ ಮತ್ತೆ ಅಲೆಯಾಗುತ್ತದೆ.

ಗೋಡೆಯ ಮೇಲೆ ಬರೆದಿಟ್ಟ ಸಂಖ್ಯೆಗಳಿಗೆ ತಕ್ಕಷ್ಟು ಚೌಕಗಳನ್ನು ಸ್ಕ್ರೂವಿಗೇ ಪೋಣಿಸಿ, ಮೊದಲು ಪಟ್ಟಿಯ ಎರಡು ತುದಿಗಳನ್ನು, ಆಮೇಲೆ ನಡುವಿನದ್ದನ್ನು, ಕೊನೆಗೆ ಉಳಿದವನ್ನು ಸಡಿಲವಾಗಿ ಕೂರಿಸಬೇಕು. ಎಲ್ಲ ಸ್ಕ್ರೂಗಳೂ ಬಂದ ಮೇಲೆ ಕ್ಯಾಪಿಂಗ್‌ನ ಒಂದು ಉದ್ದವನ್ನು ಅಥವಾ ಅಲ್ಯೂಮಿನಿಯಂ ಪಟ್ಟಿಯನ್ನು ಕೇಸಿಂಗ್‌ನ ಅಂಚಿನ ಮೇಲಿಟ್ಟು, ಬೆಳಕು ಎಲ್ಲಿ ಕಾಣುತ್ತದೆ ಎಂದು ನೋಡಿ, ಅಲ್ಲಿ ಒಂದು ಚೌಕ ಸೇರಿಸುವುದೋ ತೆಗೆಯುವುದೋ ಮಾಡಬೇಕು. ಕೊನೆಯ ಬಿಗಿತ ಕೈಯ ಸ್ಕ್ರೂಡ್ರೈವರಿನದ್ದೇ ಆಗಿರಲಿ, ಮೆಷಿನ್ನಿಗೆ ನಿಲ್ಲಿಸುವ ಹದ ತಿಳಿಯುವುದಿಲ್ಲ. ಪ್ಯಾಕಿಂಗ್ ಬೆರಳಿಗೆ ತಿರುಗದಷ್ಟು ಬಿಗಿಯಾದರೆ ಸಾಕು. ಅಲ್ಲಿಂದ ಮುಂದಿನ ಪ್ರತಿ ಸುತ್ತೂ ಪಟ್ಟಿಯನ್ನು ಬಾಗಿಸುತ್ತದೆ.

ಎರಡು ಪಟ್ಟಿಗಳು ಕೂಡುವಲ್ಲಿ ಅವನ್ನು ಗಟ್ಟಿಯಾಗಿ ಒತ್ತಿ ಸೇರಿಸಬಾರದು. ಪಿವಿಸಿ ಬಿಸಿಗೆ ಗಣನೀಯವಾಗಿ ಹಿಗ್ಗುತ್ತದೆ: ಒಂದು ಮೀಟರಿಗೆ, ಒಂದು ಡಿಗ್ರಿ ಏರಿಕೆಗೆ ಸುಮಾರು 0.07 ಮಿ.ಮೀ. ಕಲಬುರಗಿ, ರಾಯಚೂರಿನ ಕಡೆ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಕೂರಿಸಿದ ಪಟ್ಟಿ ಏಪ್ರಿಲ್ ಮಧ್ಯಾಹ್ನಕ್ಕೆ 25 ಡಿಗ್ರಿಯಷ್ಟು ಹೆಚ್ಚು ಬಿಸಿಯಾಗುವುದು ಅಸಹಜವಲ್ಲ. 2 ಮೀಟರಿನ ಪಟ್ಟಿ ಆಗ ಮೂರೂವರೆ ಮಿ.ಮೀ. ಉದ್ದವಾಗುತ್ತದೆ. ಸಂದಿಲ್ಲದೆ ಜೋಡಿಸಿದ ಐದು ಪಟ್ಟಿಗಳ ಸಾಲಿನಲ್ಲಿ ಇದು 17 ಮಿ.ಮೀ. ದಾಟಿ, ಪಟ್ಟಿ ಗೋಡೆಯಿಂದ ಬಿಲ್ಲಿನಂತೆ ಎದ್ದು ನಿಲ್ಲುತ್ತದೆ. ಚಳಿಯಲ್ಲಿ ಕೆಲಸ ಮಾಡುವಾಗ ಪ್ರತಿ ಜೋಡಣೆಯಲ್ಲಿ 4 ಮಿ.ಮೀ., ಕರಾವಳಿಯಂಥ ಹೆಚ್ಚು ಏರಿಳಿತವಿಲ್ಲದ ಹವೆಯಲ್ಲಿ 1 ಮಿ.ಮೀ. ಸಂದು ಬಿಟ್ಟರೆ ಸಾಕು. ಕ್ಯಾಪಿಂಗ್‌ನ ಜೋಡಣೆ ಕೇಸಿಂಗ್‌ನ ಜೋಡಣೆಯ ಮೇಲೆ ಬಾರದಂತೆ ನೋಡಿಕೊಂಡರೆ ಈ ಸಂದು ಕಾಣುವುದೂ ಇಲ್ಲ.

ಮೂಲೆಗಳು

ಅಂಗಡಿಯಲ್ಲಿ ಸಿಗುವ ಎಲ್‌ಬೋ, ಟೀ, ಒಳಮೂಲೆ, ಹೊರಮೂಲೆಯ ತುಂಡುಗಳು 90 ಡಿಗ್ರಿಗೆ ಮಾಡಿದವು. ಹಳೆಯ ಗೋಡೆಯ ಮೂಲೆ 86 ಇರಬಹುದು, 94 ಇರಬಹುದು. ರಟ್ಟಿನ ಎರಡು ಪಟ್ಟಿಗಳನ್ನು ಒಂದು ಗುಂಡುಪಿನ್ನಿನಿಂದ ಸೇರಿಸಿ ಮೂಲೆಗೆ ಹಿಡಿದು, ಸಿಕ್ಕ ಕೋನವನ್ನು ಕಾಗದಕ್ಕೆ ಇಳಿಸಿ ಅರ್ಧ ಮಾಡಿದರೆ ಎರಡೂ ಪಟ್ಟಿಗಳನ್ನು ಯಾವ ಓರೆಗೆ ಕತ್ತರಿಸಬೇಕೆಂದು ತಿಳಿಯುತ್ತದೆ. 86 ಆದರೆ ಎರಡೂ 43. ಹ್ಯಾಕ್ಸಾದಿಂದ ಗೆರೆಯ ಹೊರಗೆ ಕತ್ತರಿಸಿ, ಉಪ್ಪುಕಾಗದದಿಂದ ಗೆರೆಯವರೆಗೆ ಉಜ್ಜಿ ತರಬೇಕು. ಕತ್ತರಿಸಿದ ಒಳ ಅಂಚಿನಲ್ಲಿ ಸಿಬಿರು ಉಳಿಯಬಾರದು, ವೈರು ಎಳೆಯುವಾಗ ಅದೇ ಚಾಕುವಾಗುತ್ತದೆ. ಗಾರೆ ಉರುಟಾಗಿ ತಿರುಗಿದ ಮೂಲೆಯಲ್ಲಿ ಕೋನದ ಲೆಕ್ಕ ಹಾಕುವುದಕ್ಕಿಂತ, ಪಟ್ಟಿಯನ್ನು ಎರಡೂ ಕಡೆ ಬೇಗ ನಿಲ್ಲಿಸಿ ನಡುವೆ ಒಂದು ಸಣ್ಣ ಜಂಕ್ಷನ್ ಬಾಕ್ಸ್ ಇಟ್ಟುಬಿಡುವುದೇ ಅಚ್ಚುಕಟ್ಟು.

ವೈರು ಮತ್ತು ಮುಚ್ಚಳ

ಕೇಸಿಂಗ್‌ನ ಒಳಜಾಗದ ಅರ್ಧಕ್ಕಿಂತ ಕಡಿಮೆ ಮಾತ್ರ ತುಂಬಬೇಕು. ತುರುಕಿದ ವೈರು ಬಿಸಿಯಾಗುತ್ತದೆ, ಮುಚ್ಚಳವನ್ನೂ ಒಳಗಿಂದ ತಳ್ಳುತ್ತದೆ. ಪಟ್ಟಿಯೊಳಗೆ ವೈರನ್ನು ಗಂಟು ಹಾಕಿ ಟೇಪು ಸುತ್ತುವುದು ಸಲ್ಲದು. ಕೂಡಿಕೆ ಏನಿದ್ದರೂ ಜಂಕ್ಷನ್ ಬಾಕ್ಸಿನಲ್ಲಿ, ಕನೆಕ್ಟರಿನಲ್ಲಿ. ಇಂಟರ್ನೆಟ್ ಮತ್ತು ಟಿವಿ ಕೇಬಲ್ಲಿಗೆ ಬೇರೆಯದೇ ಪಟ್ಟಿ ಬೇಕು. ಕರೆಂಟಿನ ಪಟ್ಟಿಯನ್ನು ಅದು ದಾಟಲೇಬೇಕಾದರೆ ಅಡ್ಡಕ್ಕೆ ನೇರವಾಗಿ ದಾಟಲಿ.

ವೈರು ಹಾಯಿಸಿ, ಬೋರ್ಡಿನ ಜೋಡಣೆ ಮುಗಿದು, ಕರೆಂಟು ಹಾಕಿ ಪರೀಕ್ಷಿಸಿ, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಅದು ಬೀಳುತ್ತದೆಯೇ ಎಂದು ನೋಡಿದ ಮೇಲೆಯೇ ಕ್ಯಾಪಿಂಗ್ ಮುಚ್ಚಬೇಕು. ಒಂದು ತುದಿಯಿಂದ ಹೊರಟು ಅಂಗೈಯಿಂದ ಒತ್ತುತ್ತ ಸಾಗಬೇಕು, ಎರಡು ತುದಿ ಹಿಡಿದು ನಡುವೆ ಒತ್ತಬಾರದು. ಎಲ್ಲಿಯಾದರೂ ಮುಚ್ಚಳ ಕೂರದಿದ್ದರೆ ಅದನ್ನು ಗುದ್ದಿ ಕೂರಿಸುವ ಬದಲು ತೆಗೆದು, ಆ ಜಾಗದ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ಒತ್ತಿ ನೋಡಬೇಕು. ಆಗಲೂ ಕೂರದಿದ್ದರೆ ಅಲ್ಲಿ ಪ್ಯಾಕಿಂಗ್ ಒಂದು ಚೌಕ ಕಡಿಮೆಯಾಗಿದೆ, ಅಥವಾ ಎರಡು ವೈರುಗಳು ಒಂದರ ಮೇಲೊಂದು ಹತ್ತಿ ಕೂತಿವೆ.

ಸಂದು ತುಂಬುವುದು

ಪಟ್ಟಿಗೂ ಗೋಡೆಗೂ ನಡುವೆ ಉಳಿದ ಸಂದನ್ನು ಹಾಗೆಯೇ ಬಿಟ್ಟರೆ ಇರುವೆ, ಹಲ್ಲಿ, ಕಣಜ ಮೂರೂ ಅದನ್ನು ತಮ್ಮದಾಗಿಸಿಕೊಳ್ಳುತ್ತವೆ. 4 ಮಿ.ಮೀ.ವರೆಗಿನ ಸಂದಿಗೆ ಬಣ್ಣ ಬಳಿಯಬಹುದಾದ ಅಕ್ರಿಲಿಕ್ ಸೀಲೆಂಟನ್ನು ಟ್ಯೂಬಿನಿಂದ ಹಾಕಿ ಒದ್ದೆ ಬೆರಳಿನಿಂದ ಎಳೆದರೆ ಸಾಕು. ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ. ವೈಟ್ ಸಿಮೆಂಟಿನ ಪುಟ್ಟಿ ಅಗ್ಗವೇನೋ ಹೌದು, ಆದರೆ ಅದು ಪಿವಿಸಿಗೆ ಅಂಟುವುದಿಲ್ಲ, ಪಟ್ಟಿ ಹಿಗ್ಗಿ ಕುಗ್ಗಿದಂತೆ ಕೂದಲೆಳೆಯ ಬಿರುಕು ಬಿಡುತ್ತದೆ. ಅದಕ್ಕಿಂತ ದೊಡ್ಡ ಸಂದಿನೊಳಗೆ ಮೊದಲು ಫೋಮಿನ ಉರುಟು ದಾರವನ್ನು ತುರುಕಿ, ಮೇಲಿನ ಪದರ ಮಾತ್ರ ಸೀಲೆಂಟಿನಿಂದ ಎಳೆಯಬೇಕು. ಸುಣ್ಣದ ಗೋಡೆಯಲ್ಲಾದರೆ ಸಂದಿನ ಅಂಚಿನ ಪುಡಿಯನ್ನು ಬ್ರಷ್ಷಿನಿಂದ ತೆಗೆದು, ಪ್ರೈಮರ್ ಒಂದು ಕೈ ಬಳಿದು ಒಣಗಿಸಿದ ಮೇಲೆ ಈ ಕೆಲಸ.

ಪಟ್ಟಿಗೆ ಗೋಡೆಯ ಬಣ್ಣವನ್ನೇ ಬಳಿಯುವವರು ಮೊದಲು ನಯವಾದ ಉಪ್ಪುಕಾಗದದಿಂದ ಅದರ ಹೊಳಪನ್ನು ತೆಗೆದು, ನೀರಿನ ಅಕ್ರಿಲಿಕ್ ಬಣ್ಣವನ್ನು ಎರಡು ತೆಳು ಕೈ ಬಳಿಯಬೇಕು. ಬಣ್ಣ ಪೂರ್ತಿ ಒಣಗುವ ಮೊದಲೇ ಕೇಸಿಂಗ್ ಮತ್ತು ಕ್ಯಾಪಿಂಗ್ ಕೂಡುವ ಗೆರೆಯ ಮೇಲೆ ಚಾಕುವಿನ ಮೊನೆಯನ್ನು ಹಗುರಾಗಿ ಹಾಯಿಸಿಬಿಟ್ಟರೆ, ಮುಂದೆ ಇನ್ನೊಂದು ವೈರು ಹಾಕಲು ಮುಚ್ಚಳ ತೆಗೆಯುವಾಗ ಬಣ್ಣದ ಸಿಪ್ಪೆ ಏಳುವುದಿಲ್ಲ.